ದೋಣಿಮನೆ ಸರಣಿ 4 | ಗಾಜಿನ ಪೆಟ್ಟಿಗೆಯನ್ನು ಹೊಳೆಗೆ ಇಳಿಸಬೇಡಿ

ಕಳೆದ ವಾರ ಸ್ಟುಡಿಯೋ ಗೋಡೆಗೆ ಅಂಟಿಸಿದ ನಮ್ಮ ಬ್ಯಾಚಿನ ಶೀಟುಗಳನ್ನು ಇನ್ನೊಮ್ಮೆ ನೆನಪು ಮಾಡಿಕೊಳ್ಳಿ. ಕೊಟ್ಟ ವಿಷಯ: ಉಡುಪಿಯ ಸ್ವರ್ಣಾ ಹೊಳೆಯಲ್ಲಿ ಹತ್ತು ಜನ ರಾತ್ರಿ ಉಳಿಯುವಂಥ ಒಂದು ದೋಣಿಮನೆ. ಬಂದದ್ದು ಎಂತ? ನೆಲದಿಂದ ಮಾಡಿನವರೆಗೆ ಗಾಜು, ಮೇಲೆ ಚಪ್ಪಟೆ ಡೆಕ್, ಪ್ರತಿ ರೂಮಿಗೂ ಎಸಿ. ಇಬ್ಬರು ಮೇಲಿನ ಡೆಕ್ಕಿನಲ್ಲಿ ಜಕೂಜಿ ಬೇರೆ ಇಟ್ಟಿದ್ದಾರೆ. ನನ್ನ ಶೀಟಿನಲ್ಲೂ ಗಾಜೇ ಇತ್ತು ಮಾರಾಯ್ರೆ, ಹಾಗಾಗಿ ಇದನ್ನು ಬೈಗುಳ ಅಂದ್ಕೊಳ್ಬೇಡಿ. ಆದ್ರೆ ಈಗ ನನಗೆ ಅನಿಸುವುದು ಇಷ್ಟು: ಸೆಕೆಯ ಊರಿನ ದೋಣಿಯನ್ನು ಮೊದಲು ನೆರಳಾಗಿ ಡಿಸೈನ್ ಮಾಡಬೇಕು, ಆಮೇಲೆ ರೂಮಾಗಿ. ನಾವು ಉಲ್ಟಾ ಮಾಡಿದ್ದೇವೆ.

ತಪ್ಪು ಮೂಡ್‌ಬೋರ್ಡಿನಲ್ಲೇ ಶುರುವಾದದ್ದು. ಅಲ್ಲಿ ಏನೇನಿತ್ತು ನೋಡಿ. ಶ್ರೀನಗರದ ದಾಲ್ ಸರೋವರದ ದೇವದಾರು ಮರದ ದೋಣಿಮನೆಗಳು, ಆಮ್‌ಸ್ಟರ್‌ಡ್ಯಾಮ್ ಕಾಲುವೆಯ ದೋಣಿಗಳು. ಎರಡೂ ಚಂದವೇ. ಎರಡೂ ಚಳಿಯ ಊರಿನವು. ಒಳಗಿನ ಬಿಸಿ ಹೊರಗೆ ಹೋಗದ ಹಾಗೆ ಮುಚ್ಚಿಕೊಳ್ಳುವುದು ಅವುಗಳ ಕೆಲಸ. ನಮಗೆ ಬೇಕಾದದ್ದು ಅದರ ತದ್ವಿರುದ್ಧ.

ಸ್ವಲ್ಪ ಲೆಕ್ಕ ಹಾಕುವ. ಬೇಸಿಗೆ ಮಧ್ಯಾಹ್ನ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1 ಕಿಲೋವ್ಯಾಟ್ ಬಿಸಿಲು ಬೀಳ್ತದೆ. ನಮ್ಮ ದೋಣಿ 18 ಮೀಟರ್ ಉದ್ದ, 4 ಮೀಟರ್ ಅಗಲ ಅಂದ್ಕೊಳ್ಳಿ. ಮಾಡಿನ ಮೇಲೆಯೇ 70 ಕಿಲೋವ್ಯಾಟ್ ಆಯ್ತು. ಒಂದು ಟನ್ ಎಸಿ ಹೊರಗೆ ಹಾಕುವುದು ಮೂರೂವರೆ ಕಿಲೋವ್ಯಾಟ್ ಬಿಸಿಯನ್ನು ಮಾತ್ರ. ಬಿಸಿಲನ್ನು ಒಳಗೆ ಬಿಟ್ಟುಕೊಂಡು ಆಮೇಲೆ ಎಸಿಯಿಂದ ಓಡಿಸುವುದು ಅಂದ್ರೆ, ತೂತಿರುವ ದೋಣಿಯಿಂದ ಚಿಪ್ಪಿನಲ್ಲಿ ನೀರು ಮೊಗೆದ ಹಾಗೆ.

ಇನ್ನೊಂದು ವಿಷಯ ನಮಗೆ ಯಾರಿಗೂ ಹೊಳೆಯಲಿಲ್ಲ. ನೆಲದ ಮನೆಗೆ ಪಡು ಗೋಡೆ ಅಂತ ಒಂದು ಉಂಟು. ಆ ಬದಿಗೆ ಕಿಟಕಿ ಕಡಿಮೆ ಮಾಡಿ, ಮರ ನೆಟ್ಟು ಸುಧಾರಿಸ್ತೇವೆ. ದೋಣಿಗೆ ಪಡು ಗೋಡೆಯೇ ಇಲ್ಲ! ಹೊಳೆ ತಿರುಗಿದಲ್ಲೆಲ್ಲ ಅದೂ ತಿರುಗ್ತದೆ. ಬೆಳಿಗ್ಗೆ ನೆರಳಲ್ಲಿದ್ದ ರೂಮು ಸಂಜೆ ನಾಲ್ಕಕ್ಕೆ ನೇರ ಬಿಸಿಲಿಗೆ ಸಿಕ್ಕಿಬೀಳ್ತದೆ. ಸಾಲದ್ದಕ್ಕೆ ನೀರಿನ ಮೇಲಿಂದ ಪ್ರತಿಫಲಿಸಿದ ಬೆಳಕು ಕೆಳಗಿನಿಂದ ಒಳಗೆ ಬರ್ತದೆ, ಅದಕ್ಕೆ ಸೂರು ಏನೂ ಮಾಡಲಾರದು. ಅಂದ್ರೆ ಸುತ್ತ ನಾಲ್ಕೂ ಬದಿಗೆ ಸೂರು ಬೇಕು, ಸೊಂಟದ ಎತ್ತರದವರೆಗೆ ತಟ್ಟಿಯೋ ಹಲಗೆಯೋ ಬೇಕು, ಅದರ ಮೇಲೆ ಎತ್ತಿ ಇಳಿಸುವ ಬಿದಿರಿನ ಪರದೆ ಬೇಕು. ಗಾಜು ಎಲ್ಲಿ ಉಳೀತು ಹೇಳಿ?

ಈಗ ಕೇರಳದ ಕೆಟ್ಟುವಳ್ಳಂ ನೋಡಿ. ಮಲಯಾಳದಲ್ಲಿ ಕೆಟ್ಟು ಅಂದ್ರೆ ಕಟ್ಟು, ವಳ್ಳಂ ಅಂದ್ರೆ ದೋಣಿ. ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಗೇರಿನಿಂದ ತೆಗೆದ ಕಪ್ಪು ಎಣ್ಣೆ ಬಳಿದು ಮಾಡಿದ ದೋಣಿ. ಒಂದೇ ಒಂದು ಮೊಳೆ ಇಲ್ಲ. ಕುಟ್ಟನಾಡಿನ ಅಕ್ಕಿಯನ್ನು ಕೊಚ್ಚಿಗೆ ಸಾಗಿಸ್ತಿದ್ದದ್ದು ಇವೇ. ರಸ್ತೆ, ಲಾರಿ ಬಂದ ಮೇಲೆ ಮೂಲೆಗೆ ಬಿದ್ದವು. 1990ರ ದಶಕದಲ್ಲಿ ಪ್ರವಾಸಿಗರ ದೋಣಿಮನೆಗಳಾಗಿ ಮತ್ತೆ ನೀರಿಗಿಳಿದವು. ಅವುಗಳ ಮಾಡು ಬಿದಿರಿನ ಕಮಾನು, ಮೇಲೆ ಹೆಣೆದ ಚಾಪೆ. ಹಗುರ. ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೆ ತಣಿಯುತ್ತದೆ. ನಮ್ಮ ಕರಾವಳಿಯಂಥ ತೇವದ ಸೆಕೆಯಲ್ಲಿ ಹಗಲಿಗೂ ರಾತ್ರಿಗೂ ಉಷ್ಣತೆಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಆದ್ದರಿಂದ ಬಿಸಿ ಹಿಡಿದಿಟ್ಟು ರಾತ್ರಿಯಿಡೀ ಬಿಡುವ ದಪ್ಪ ಸಾಮಾನು ಇಲ್ಲಿ ಶತ್ರು. ಆ ದೋಣಿ ಕಟ್ಟಿದವರಿಗೆ ಇದು ಗೊತ್ತಿತ್ತು.

ಆದ್ರೆ ನಾನು ಆಲಪ್ಪುಳದಲ್ಲಿ ಉಳಿದ ದೋಣಿ ಹೆಸರಿಗೆ ಮಾತ್ರ ಕೆಟ್ಟುವಳ್ಳಂ. ಹೊರಗೆ ಚಾಪೆ, ಒಳಗೆ ಪ್ಲೈವುಡ್ಡು, ಸರಿಸುವ ಗಾಜಿನ ಕಿಟಕಿ, ಅದೂ ಅರ್ಧ ಮಾತ್ರ ತೆರೆಯುವುದು. ಎಸಿ ರಾತ್ರಿ ಒಂಬತ್ತಕ್ಕೆ ಶುರು, ಬೆಳಿಗ್ಗೆ ಆರಕ್ಕೆ ಬಂದ್. ಒಂಬತ್ತರವರೆಗೆ ರೂಮಿನೊಳಗೆ ಕೂರಲಿಕ್ಕೇ ಆಗಲಿಲ್ಲ. ಒಂಬತ್ತರ ಮೇಲೆ ಜನರೇಟರ್ ಗುರ್ ಅಂತ ಶುರುವಾಯ್ತು, ಹಿನ್ನೀರಿನ ಮೌನ ಅಂತ ಬ್ರೋಷರಿನಲ್ಲಿ ಓದಿದ್ದು ಅಲ್ಲಿಗೆ ಮುಗೀತು. ಬೆಳಿಗ್ಗೆ ನೋಡಿದ್ರೆ ಗಾಜಿನ ಮೇಲೆ ನೀರಿನ ಹನಿ, ಹಾಸಿಗೆಯ ಹಿಂದಿನ ಮೂಲೆಯಲ್ಲಿ ಕಪ್ಪು ಬೂಷ್ಟು. ಬಾಗಿಲು ತೆರೆದಾಗಲೆಲ್ಲ ಹೊರಗಿನ ತೇವದ ಗಾಳಿ ತಣ್ಣಗಿನ ಗೋಡೆಗೆ ತಾಗಿ ಬೆವರುತ್ತದೆ, ಅಷ್ಟೇ. ಸ್ಟೀಲಿನ ದೋಣಿಯಾದ್ರೆ ಇದು ಇನ್ನೂ ಕೆಟ್ಟದ್ದು. ಪ್ಯಾನೆಲಿನ ಹಿಂದೆ, ಕಣ್ಣಿಗೆ ಕಾಣದಲ್ಲಿ ತುಕ್ಕು ಹಿಡೀತದೆ.

ಎಸಿಯೇ ಬೇಡ ಅಂತ ನಾನು ಹೇಳ್ತಿಲ್ಲ. ಏಪ್ರಿಲ್ ರಾತ್ರಿ ಉಡುಪಿಯಲ್ಲಿ ಮಲಗಿದವರು ಹಾಗೆ ಹೇಳಲಿಕ್ಕಿಲ್ಲ. ಮಲಗುವ ಕೋಣೆ ಮಾತ್ರ ಸಣ್ಣದಾಗಿ, ಚೆನ್ನಾಗಿ ಇನ್ಸುಲೇಟ್ ಆಗಿರಲಿ. ಉಳಿದದ್ದೆಲ್ಲ ಜಗಲಿ. ಊಟ, ಹರಟೆ, ಮಧ್ಯಾಹ್ನದ ನಿದ್ದೆ ಎಲ್ಲ ಅಲ್ಲೇ. ಮುಂಬದಿಯಿಂದ ಹಿಂಬದಿಗೆ ನೇರ ಓಣಿ ಇಟ್ಟು ಎರಡೂ ತುದಿ ತೆರೆದಿಡಿ. ಮುಂಬದಿಯಿಂದ ಒಂದೇ ಲಂಗರು ಹಾಕಿದ್ರೆ ದೋಣಿ ಗಾಳಿಗೆ ತಾನೇ ಮುಖ ಮಾಡ್ತದೆ. ಮನೆಗೆ ಇಲ್ಲದ ಭಾಗ್ಯ ಅದು. (ಕೋಡಿ ಬೆಂಗ್ರೆ ಅಳಿವೆಯ ಹತ್ತಿರ ಭರತ ಇಳಿತದ ಸೆಳೆತ ಗಾಳಿಯ ಮಾತು ಕೇಳುವುದಿಲ್ಲ, ಅದು ಬೇರೆ ಕತೆ.)

ಈಗ ಆ ಜಕೂಜಿ. ಇದು ತಮಾಷೆಯ ವಿಷಯ ಅಲ್ಲ. ಒಂದೂವರೆ ಸಾವಿರ ಲೀಟರ್ ನೀರು ಅಂದ್ರೆ ಒಂದೂವರೆ ಟನ್, ಅದು ನೀರಿನ ಮಟ್ಟದಿಂದ ನಾಲ್ಕು ಮೀಟರ್ ಮೇಲೆ, ಕೆಳಗೆ ಬರೀ 4 ಮೀಟರ್ ಅಗಲದ ದೋಣಿ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ಎರಡು ಅಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. ಜನ ಒಂದೇ ಬದಿಗೆ ಸರಿದಿದ್ದರು. 2023ರ ಮೇ 7ರಂದು ತಾನೂರಿನಲ್ಲಿ 22 ಜನ. ಅದು ಮೀನು ಹಿಡಿಯುವ ದೋಣಿಯನ್ನು ಪ್ರವಾಸಕ್ಕೆ ಅಂತ ಮಾರ್ಪಡಿಸಿದ್ದು, ಮೇಲೆ ಮಿತಿ ಮೀರಿ ಜನ. ಮೇಲಿನ ಡೆಕ್ ಅಂದ್ರೆ ಸೂರ್ಯಾಸ್ತ ನೋಡುವ ಜಾಗ, ಎಲ್ಲರೂ ಒಂದೇ ಬದಿಗೆ ಬಂದೇ ಬರ್ತಾರೆ. ನಾವು ಡಿಸೈನ್ ಮಾಡಿದ್ದೇ ಅದಕ್ಕಲ್ವಾ? ಹಾಗಿದ್ದ ಮೇಲೆ "ದಯವಿಟ್ಟು ಒಂದೇ ಬದಿಗೆ ನಿಲ್ಲಬೇಡಿ" ಅಂತ ಬೋರ್ಡು ಹಾಕುವುದು ಉತ್ತರ ಅಲ್ಲ. ಹತ್ತೂ ಜನ, ಜೊತೆಗೆ ಸಿಬ್ಬಂದಿ, ಒಂದೇ ಕಂಬಿಗೆ ಒರಗಿದಾಗ ದೋಣಿ ಎಷ್ಟು ವಾಲ್ತದೆ ಅನ್ನುವುದು ಮೊದಲ ಶೀಟಿನಲ್ಲೇ ಇರಬೇಕು. ಅಗಲಕ್ಕೆ ಬೆಲೆ ಕೊಡಿ: ತೂಕ ಅಷ್ಟೇ ಇದ್ದು ಅಗಲ 4ರಿಂದ 5 ಮೀಟರ್ ಆದ್ರೆ, ವಾಲಿದ ದೋಣಿಯನ್ನು ಮತ್ತೆ ನೆಟ್ಟಗೆ ಮಾಡುವುದರಲ್ಲಿ ಅಗಲದ ಪಾಲು ಹೆಚ್ಚುಕಡಿಮೆ ಎರಡು ಪಟ್ಟಾಗ್ತದೆ, ಯಾಕಂದ್ರೆ ಅಲ್ಲಿ ಅಗಲದ ಘನ ಲೆಕ್ಕಕ್ಕೆ ಬರ್ತದೆ.

ಶೌಚದ ನೀರಿನ ಟ್ಯಾಂಕನ್ನು ಹನ್ನೊಂದು ಜನ ಬರೆದೇ ಇಲ್ಲ. ಅದು ಎಲ್ಲಿಗೆ ಹೋಗ್ತದೆ ಅಂದ್ಕೊಂಡಿದ್ದೀರಿ? ಅದೇ ಹೊಳೆಯಲ್ಲಿ ಮರುವಾಯಿ ಹೆಕ್ಕುವವರಿದ್ದಾರೆ. ಟ್ಯಾಂಕು ತಳದಲ್ಲಿಡಿ, ಭಾರ ಕೆಳಗಿದ್ದಷ್ಟೂ ಒಳ್ಳೆಯದು. ಆದ್ರೆ ಅಗಲಕ್ಕೆ ಒಂದೇ ಟ್ಯಾಂಕು ಬೇಡ. ಅರ್ಧ ತುಂಬಿದ ನೀರು ದೋಣಿ ವಾಲಿದ ಬದಿಗೇ ಹರಿದು ಇನ್ನಷ್ಟು ವಾಲಿಸ್ತದೆ. ಉದ್ದಕ್ಕೆ ಕಿರಿದಾದ ಎರಡು ಮೂರು ಟ್ಯಾಂಕು ಮಾಡಿ, ಖಾಲಿ ಮಾಡಲಿಕ್ಕೆ ದಡದಲ್ಲಿ ಪಂಪಿನ ಜಾಗ ಸೈಟ್ ಪ್ಲಾನಿನಲ್ಲೇ ತೋರಿಸಿ.

ಕೊನೆಗೆ ಸೋಲಾರ್. "ಅದೆಲ್ಲ ದೋಣಿಗೆ ಸಾಕಾಗುದಿಲ್ಲ" ಅಂತ ಗ್ರೂಪಿನಲ್ಲಿ ಯಾರೋ ಹಾಕಿದ್ರು. 2017ರಿಂದ ವೈಕಂ ಮತ್ತು ತವಣಕ್ಕಡವು ನಡುವೆ 75 ಜನರ ಸೋಲಾರ್ ಫೆರಿ 'ಆದಿತ್ಯ' ಓಡ್ತಾ ಉಂಟು, ಅದೂ ದಿನಾ ಕೆಲಸಕ್ಕೆ ಹೋಗುವವರನ್ನು ಹೊತ್ತು. ನಮ್ಮ ದೋಣಿಯ ಮಾಡಿನಲ್ಲಿ 45 ಚದರ ಮೀಟರ್ ಪ್ಯಾನೆಲ್ ಹಾಕಿದ್ರೆ ಸುಮಾರು 9 ಕಿಲೋವ್ಯಾಟ್, ಒಳ್ಳೆಯ ಬಿಸಿಲಿನ ದಿನ 35 ಯೂನಿಟ್ ಆಸುಪಾಸು. ಐದು ಸಣ್ಣ ಕೋಣೆಗಳ ಇನ್ವರ್ಟರ್ ಎಸಿಗೆ ರಾತ್ರಿಗೆ 25 ಯೂನಿಟ್ ಹೋದ್ರೂ, ನಿಧಾನ ಹೋಗುವ ದೋಣಿಗೆ ಒಂದಷ್ಟು ಉಳೀತದೆ. ನಿಧಾನ ಅನ್ನುವುದು ಮುಖ್ಯ, ವೇಗ ದುಪ್ಪಟ್ಟು ಮಾಡ್ಲಿಕ್ಕೆ ಹೋದ್ರೆ ಶಕ್ತಿ ಎಂಟು ಪಟ್ಟು ಬೇಡ್ತದೆ. ಮಳೆಗಾಲದಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಒಪ್ಪಿದೆ. ವರ್ಷಕ್ಕೆ 4,000 ಮಿ.ಮೀ. ಮಳೆ ಸುರಿಯುವ ಊರಲ್ಲಿ ಜೂನ್, ಜುಲೈಗೆ ದೋಣಿ ದಡದಲ್ಲೇ ಇರಲಿ. ಪ್ಯಾನೆಲನ್ನು ಮಾಡಿಗೆ ಅಂಟಿಸಬೇಡಿ, ಒಂದು ಗೇಣು ಮೇಲೆತ್ತಿ. ನಡುವೆ ಗಾಳಿ ಓಡಿದ್ರೆ ಅದೇ ಎರಡನೇ ಮಾಡು, ಪುಕ್ಕಟೆ ನೆರಳು.

ಇದಕ್ಕೆ ಖರ್ಚು ಜಾಸ್ತಿ ಅಂತ ಬರೆಯುವವರಿದ್ದೀರಿ ಅಂತ ಗೊತ್ತು. ಬ್ಯಾಟರಿಗೆ ಹೌದು. ಆದ್ರೆ ಗಾಜು, ದೊಡ್ಡ ಜನರೇಟರ್, ಮೇಲಿನ ಡೆಕ್ ತೆಗೆದಾಗ ಉಳಿಯುವುದನ್ನೂ ಅದೇ ಪಟ್ಟಿಯಲ್ಲಿ ಬರೆಯಿರಿ.

ನನ್ನ ಹೊಸ ಸೆಕ್ಷನ್ ಸ್ವೈಪ್ ಮಾಡಿದ್ರೆ ಸಿಗ್ತದೆ. ಸೂರು ಒಂದೂವರೆ ಮೀಟರ್ ಹೊರಗೆ ಚಾಚಿದ್ದೇನೆ, ಕೆಮ್ಮಣ್ಣು ತೂಗುಸೇತುವೆಯ ಅಡಿಯಲ್ಲಿ ಹೋಗುವಾಗ ಎತ್ತರ ಸಾಲ್ತದಾ ಅಂತ ಇನ್ನೂ ಅಳೆಯಬೇಕು. ಶನಿವಾರ ಟೇಪ್ ಹಿಡ್ಕೊಂಡು ಹೋಗ್ತಿದ್ದೇನೆ, ಯಾರು ಬರ್ತೀರಿ ಕಮೆಂಟಲ್ಲಿ ಹೇಳಿ.

#ದೋಣಿಮನೆಸರಣಿ #ಸ್ವರ್ಣಾಹೊಳೆ #ಸ್ಟುಡಿಯೋಜಗಳ