ಅಕ್ಕಚ್ಚಿಗೆ ಹಸುವಿಲ್ಲದ ಮನೆ

ಅಡುಗೆಮನೆಯ ಹಸಿಕಸವನ್ನು ಗೊಬ್ಬರ ಮಾಡಿ ಎಂಬ ಬುದ್ಧಿಮಾತು ಪೇಟೆಯವರಿಗೆ ಸರಿ, ಮನೆಯ ಸುತ್ತ ಅಡಿಕೆ ತೋಟ, ಅದರಾಚೆ ಕಾಡು ಇರುವ ಗುಂಡ್ಯದವರಿಗೆ ಯಾಕೆ? ಸಿಪ್ಪೆಯನ್ನು ತೋಟಕ್ಕೆ ಎಸೆದರೆ ಮುಗಿಯಿತಲ್ಲ? ಮುಗಿಯುವುದಿಲ್ಲ ಎಂಬುದು ನನ್ನ ವಾದ. ಆದರೆ ಅದಕ್ಕೆ ಕಾರಣ ಅಡಿಕೆಗೆ ಗೊಬ್ಬರ ಸಿಗುತ್ತದೆ ಎಂಬುದಲ್ಲ.

ಲೆಕ್ಕ ಹಾಕಿದರೆ ತಿಳಿಯುತ್ತದೆ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರೆಲೆ, 12 ಕಿಲೋ ಕಾಂಪೋಸ್ಟ್ ಇಲ್ಲವೇ ಹಟ್ಟಿಗೊಬ್ಬರ ಕೊಡಬೇಕೆಂಬುದು ಶಿಫಾರಸು. 500 ಮರಕ್ಕೆ 6 ಟನ್ ಗೊಬ್ಬರವಾಯಿತು. ದಿನಕ್ಕೆ ಒಂದು ಕಿಲೋ ಹಸಿಕಸ ಬೀಳುವ ಮನೆಯಲ್ಲಿ ಅದೆಲ್ಲ ಕಳಿತು ವರ್ಷಕ್ಕೆ 100 ಕಿಲೋ ಗೊಬ್ಬರ ಸಿಕ್ಕರೆ ಹೆಚ್ಚು. ಎಂಟು ಮರಕ್ಕೆ ಸಾಲಬಹುದು. ಬಸಳೆ ಚಪ್ಪರಕ್ಕೆ, ಅಲಸಂಡೆ ಸಾಲಿಗಾದರೆ ಧಾರಾಳ.

ಹಿಂದೆ ಹಸಿಕಸವನ್ನು ಏನು ಮಾಡುವುದೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಅಕ್ಕಿ ತೊಳೆದ ನೀರು, ಗಂಜಿತಿಳಿ, ಸೌತೆಸಿಪ್ಪೆ ಎಲ್ಲ ಅಕ್ಕಚ್ಚಿನ ಬಾಲ್ದಿಗೆ ಬಿದ್ದು ಹಟ್ಟಿಗೆ ಹೋಗುತ್ತಿತ್ತು. ಹಸುವಿನ ಕಾಲಡಿಗೆ ಹಾಕಿದ ಕುಮ್ಕಿ ಜಾಗದ ಸೊಪ್ಪು ಸೆಗಣಿ, ಗಂಜಳದ ಜೊತೆ ಗೊಬ್ಬರದ ಗುಂಡಿ ಸೇರುತ್ತಿತ್ತು. ಹಟ್ಟಿ ಖಾಲಿಯಾದ ಮನೆಗಳಲ್ಲಿ ಆ ದಾರಿ ಕಡಿದಿದೆ. ಅಕ್ಕಚ್ಚು ಈಗ ಪ್ಲಾಸ್ಟಿಕ್ ತೊಟ್ಟೆಯೊಳಗೆ ರಸ್ತೆಬದಿಗೆ ಬೀಳುತ್ತಿದೆ. ಇದನ್ನು ನೋಡಿ ಸುಮ್ಮನಿರಲಾಗದು.

ಹಾಗೆಂದು ತೆರೆದ ಗುಂಡಿ ತೋಡುವುದೂ ತಪ್ಪು. ಘಟ್ಟದ ಬುಡದ ಈ ಊರಿನ ಮಳೆಗೆ ಅದು ಜೂನ್‌ನಲ್ಲೇ ಕೆರೆಯಾಗುತ್ತದೆ. ಗಾಳಿಯಾಡದೆ ನಾರುತ್ತದೆ, ಸಾರವೆಲ್ಲ ತೊಳೆದು ಹೊಳೆಗೆ ಇಳಿಯುತ್ತದೆ. ಗುಂಡ್ಯ ಹೊಳೆ ಕುಮಾರಧಾರೆಗೆ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ತುಂಬೆಯಲ್ಲಿ ಮಂಗಳೂರಿಗೆ ಕುಡಿಯಲು ಎತ್ತುವುದು ಆ ನೀರನ್ನೇ. ಇಂದೋರಿನಲ್ಲಿ ಕಾಂಪೋಸ್ಟ್ ಕ್ರಮ ರೂಪಿಸಿದ ಆಲ್ಬರ್ಟ್ ಹೋವರ್ಡ್ ಕೂಡ ಮಳೆಗಾಲದಲ್ಲಿ ಗುಂಡಿ ಬಿಟ್ಟು ನೆಲದ ಮೇಲೆ ರಾಶಿ ಹಾಕಲು ಹೇಳಿದ್ದರು. ನಮ್ಮಲ್ಲಿ ರಾಶಿಗೆ ಮಾಡೂ ಬೇಕು. ಖಾಲಿ ಬಿದ್ದ ಹಟ್ಟಿಯಷ್ಟು ತಕ್ಕ ಜಾಗ ಬೇರೆ ಯಾವುದಿದೆ?

ಮೇ ತಿಂಗಳಲ್ಲೇ ತರಗೆಲೆ, ಕೊಚ್ಚಿದ ಅಡಿಕೆ ಸೋಗೆಯನ್ನು ಗೋಣಿಗೆ ತುಂಬಿಟ್ಟುಕೊಳ್ಳಬೇಕು. ಒಂದು ಬಾಲ್ದಿ ಹಸಿಗೆ ಎರಡು ಬಾಲ್ದಿ ಒಣದು. ರಾಶಿಯಿಂದ ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು. ನೀರು ಧಾರೆಯಾಗಿ ಇಳಿದರೆ ಇನ್ನಷ್ಟು ತರಗೆಲೆ ಸುರಿಯಬೇಕು. ಮೀನಿನ ತಲೆ, ಕರುಳನ್ನು ಮಾತ್ರ ತೆಂಗಿನ ಬುಡದಲ್ಲಿ ಆಳಕ್ಕೆ ಹೂಳಬೇಕು, ಇಲ್ಲದಿದ್ದರೆ ಹಂದಿ ಕೆದಕುತ್ತದೆ.

ಪಂಚಾಯತ್ ಗಾಡಿ ಒಯ್ಯಲಿ ಎನ್ನುವವರಿದ್ದಾರೆ. ಎಲ್ಲಿಗೆ? 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡೆ ಜರಿದು ಮಂದಾರದ ಮನೆಗಳನ್ನೂ ಅಡಿಕೆ, ತೆಂಗಿನ ತೋಟಗಳನ್ನೂ ಮುಚ್ಚಿತು. ಗಾಜು, ಪ್ಲಾಸ್ಟಿಕನ್ನು ಗಾಡಿ ಒಯ್ಯಲೇಬೇಕು, ಅದು ಮನೆಯವರಿಂದ ಆಗದ ಕೆಲಸ. ಬಹುಪಾಲು ನೀರೇ ಇರುವ ಸೌತೆಸಿಪ್ಪೆಯನ್ನು ತೋಟವಿರುವ ಮನೆಯಿಂದ ಡೀಸೆಲ್ ಸುಟ್ಟು ಸಾಗಿಸುವುದಕ್ಕೆ ಮಾತ್ರ ನನಗೆ ಒಂದೂ ಸಮರ್ಥನೆ ಕಾಣುವುದಿಲ್ಲ.