ಪಾಠಶಾಲೆಯ ಯಂತ್ರ ಯಾರ ವಶದಲ್ಲಿರಬೇಕು?

ಜೂನ್ ಮಾಸ ಬಂದಿತೆಂದರೆ ಬೆಂಗಳೂರಿನ ದಕ್ಷಿಣ ಭಾಗದ ಗೃಹಸ್ಥರಿಗೆ ಮಕ್ಕಳ ವಿದ್ಯಾಭ್ಯಾಸದ ಚಿಂತೆಯ ಮುಂದೆ ಮಿಕ್ಕ ಚಿಂತೆಗಳೆಲ್ಲ ಹಿಂದಾಗುತ್ತವೆ. ಜೆ.ಪಿ. ನಗರದಲ್ಲಿ ಸಾರಕ್ಕಿಯಿಂದ ಪುಟ್ಟೇನಹಳ್ಳಿಯವರೆಗೆ ಯಾವ ಬೀದಿಯನ್ನು ಹಿಡಿದು ನಡೆದರೂ ಖಾಸಗಿ ಶಾಲೆಗಳ ಫಲಕಗಳ ಮೇಲೆ 'ಸ್ಮಾರ್ಟ್ ಕ್ಲಾಸ್' ಎಂಬ ಬರಹ ಕಣ್ಣಿಗೆ ಬೀಳದಿರದು. ಅದೇ ಬೀದಿಗಳಲ್ಲಿ ಮನೆಗೆಲಸದವರ, ಕಟ್ಟಡದ ಕೂಲಿಗಳ ಮಕ್ಕಳು ಸರ್ಕಾರಿ ಶಾಲೆಗೆ ನಡೆದು ಹೋಗುತ್ತಾರೆ. ಈ ಎರಡು ಬಗೆಯ ಶಾಲೆಗಳ ನಡುವಣ ಅಂತರವನ್ನು ಯಂತ್ರಗಳನ್ನು ತಂದಿರಿಸಿ ತುಂಬಿಬಿಡಬಹುದೆಂಬ ನಂಬಿಕೆ ಸರ್ಕಾರದವರಲ್ಲಿಯೂ ಧರ್ಮಾರ್ಥವಾಗಿ ಹಣ ಕೊಡುವ ಕಂಪನಿಗಳಲ್ಲಿಯೂ ಬೇರೂರಿದೆ. ಈಗ ಕೃತಕ ಬುದ್ಧಿಮತ್ತೆಯ ಹೆಸರಿನಲ್ಲಿ ಆ ನಂಬಿಕೆಗೆ ಹೊಸ ಬಲ ಬಂದಿದೆ. ಇದನ್ನು ನಮ್ಮ ನಾಡಿನ ಅನುಭವಕ್ಕೇ ಒರೆಹಚ್ಚಿ ನೋಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ನಾವು ಯಂತ್ರದ್ವೇಷಿಗಳಲ್ಲ. ಕನ್ನಡಿಗರು ಯಂತ್ರದ್ವೇಷಿಗಳಾಗಲು ಕಾರಣವೂ ಇಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಶ್ರೀ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರಯಂತ್ರವನ್ನು ಹೂಡಿ 'ಆಕಾಶವಾಣಿ'ಯನ್ನು ಆರಂಭಿಸಿದರು. ಆ ಹೆಸರು ತರುವಾಯ ಇಡೀ ದೇಶದ್ದಾಯಿತು. ಒಬ್ಬ ಉಪಾಧ್ಯಾಯನು ಯಂತ್ರವನ್ನು ತಾನೇ ಕೈಗೆ ತೆಗೆದುಕೊಂಡು, ತನ್ನ ಜನಕ್ಕೆ ತನ್ನ ಭಾಷೆಯಲ್ಲಿ ಏನನ್ನು ಹೇಳಬೇಕೆಂಬುದನ್ನು ತಾನೇ ನಿರ್ಧರಿಸಿದ ಸಂಗತಿಯಿದು. ಅಲ್ಲಿಂದೀಚೆಗೆ ಶಾಲೆಗಳಿಗಾಗಿ ನಡೆದ ದೊಡ್ಡ ಪ್ರಯೋಗಗಳಲ್ಲಿ ಈ ಕ್ರಮ ಬಹುಮಟ್ಟಿಗೆ ತಲೆಕೆಳಗಾಯಿತು.

1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಬಂದಿತು. ನಮ್ಮಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಅದರಲ್ಲಿ ಸೇರಿದ್ದವು. ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ. ವರ್ಷ ತುಂಬಿತು, ಉಪಗ್ರಹವನ್ನು ಅದರ ಒಡೆಯರು ಹಿಂದಕ್ಕೆ ಪಡೆದರು. 2004ರ ಸೆಪ್ಟೆಂಬರ್ 20ರಂದು ನಮ್ಮದೇ 'ಎಜುಸ್ಯಾಟ್' ಮೇಲೇರಿತು, ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠಗಳು ಇಳಿದುಬಂದವು. 2010ರಲ್ಲಿ ಆ ಉಪಗ್ರಹದ ಆಯುಸ್ಸೂ ತೀರಿತು. ಇವು ಹೆಮ್ಮೆಪಡತಕ್ಕ ಸಾಧನೆಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಆಕಾಶದಿಂದ ಇಳಿಯುವ ಪಾಠಕ್ಕೆ ತನ್ನದೇ ಗಳಿಗೆಯುಂಟು. ಆ ಗಳಿಗೆಯಲ್ಲಿ ವಿದ್ಯುತ್ತು ಇಲ್ಲದಿದ್ದರೆ ಅಂದಿನ ಪಾಠ ಹೋಯಿತು. ತರಗತಿ ಭಿನ್ನರಾಶಿಯಲ್ಲಿ ತೊಡಕಿಕೊಂಡಿರುವಾಗ ತೆರೆಯ ಮೇಲೆ ತ್ರಿಕೋನ ಬಂದರೆ ಉಪಾಧ್ಯಾಯರು ಮಾಡತಕ್ಕದ್ದೇನು? ಅವರು ಮಕ್ಕಳ ಸಾಲಿನ ಹಿಂದೆ ನಿಂತು ತಾವೂ ನೋಡುವರು, ಅಷ್ಟೆ.

ಇವಕ್ಕಿಂತ ಬಹಳ ಅಗ್ಗವಾದ ರೇಡಿಯೋ ಪಾಠಗಳು ಈ ವಿಷಯದಲ್ಲಿ ಹೆಚ್ಚು ಜಾಣತನ ತೋರಿದವೆಂದು ನಮ್ಮ ಅಭಿಪ್ರಾಯ. 'ಚಿನ್ನರ ಚುಕ್ಕಿ', 'ಕೇಳಿ ಕಲಿ' ಮೊದಲಾದ ಕಾರ್ಯಕ್ರಮಗಳಲ್ಲಿ ಧ್ವನಿಯು ನಡುನಡುವೆ ಸುಮ್ಮನಾಗಿ ಮಕ್ಕಳ ಉತ್ತರಕ್ಕೆ ಎಡೆಕೊಡುತ್ತಿತ್ತು. ಹಾಡಿಸುವ, ಕುಣಿಸುವ, ತಪ್ಪನ್ನು ತಿದ್ದುವ ಕೆಲಸ ತರಗತಿಯ ಉಪಾಧ್ಯಾಯರದಾಗಿತ್ತು.

ಕಂಪ್ಯೂಟರಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ನಮ್ಮ ಸರ್ಕಾರಿ ಪ್ರೌಢಶಾಲೆಗಳಿಗೆ ಅದು ಬಂದುದು ಬಹುಪಾಲು ಗುತ್ತಿಗೆಯ ಮೂಲಕ. ಕಂಪನಿಯವರು ಯಂತ್ರಗಳನ್ನು ತಂದಿರಿಸಿ, ತಮ್ಮದೇ ಶಿಕ್ಷಕನನ್ನು ನೇಮಿಸಿ, ಕೆಲವು ವರ್ಷ ನಡೆಸಿ ಆಮೇಲೆ ಶಾಲೆಗೆ ಒಪ್ಪಿಸತಕ್ಕದ್ದೆಂಬ ಏರ್ಪಾಡು. ಕಾಗದದ ಮೇಲೆ ಇದು ಅಚ್ಚುಕಟ್ಟಾಗಿಯೇ ಕಾಣುತ್ತದೆ. ಆದರೆ ಗಣಿತ, ವಿಜ್ಞಾನ, ಸಮಾಜಶಾಸ್ತ್ರ ಹೇಳಿಕೊಡುವ ಉಪಾಧ್ಯಾಯರಿಗೆ ಆ ಕೋಣೆ ಪರರ ಮನೆಯಂತಾಯಿತು. ಗುತ್ತಿಗೆಯ ಶಿಕ್ಷಕನು ಕಲಿಸಿದುದು ಕಂಪ್ಯೂಟರನ್ನು, ಕಂಪ್ಯೂಟರಿನಿಂದ ಗಣಿತವನ್ನಲ್ಲ. ಗುತ್ತಿಗೆ ಮುಗಿದಾಗ ಅವನೂ ಹೋದನು, ವಿದ್ಯೆಯೂ ಅವನೊಡನೆ ಹೋಯಿತು. ಜೆ.ಪಿ. ನಗರದ ನೆರೆಯ ಜಯನಗರದಲ್ಲಿರುವ 'ಐಟಿ ಫಾರ್ ಚೇಂಜ್' ಸಂಸ್ಥೆಯವರು 2010ರಲ್ಲಿ ಈ ಕ್ರಮವನ್ನು ಕೇರಳದ ಕ್ರಮದೊಡನೆ ಹೋಲಿಸಿ ವರದಿಯೊಂದನ್ನು ಪ್ರಕಟಿಸಿದರು. ಕೇರಳದಲ್ಲಿ ಶಾಲೆಯ ಉಪಾಧ್ಯಾಯರಿಗೇ ತರಬೇತಿ ಕೊಟ್ಟು, ಅವರಲ್ಲಿಯೇ ಕೆಲವರನ್ನು ಮುಖ್ಯ ತರಬೇತುದಾರರನ್ನಾಗಿ ಆರಿಸಿ, ಯಾವ ಕಂಪನಿಗೂ ಬಾಡಿಗೆ ತೆರಬೇಕಿಲ್ಲದ ಸ್ವತಂತ್ರ ತಂತ್ರಾಂಶವನ್ನು ಬಳಕೆಗೆ ತಂದಿದ್ದರು.

ಈ ಮಾತು ವ್ಯರ್ಥವಾಗಲಿಲ್ಲವೆಂಬುದು ಸಂತೋಷದ ವಿಷಯ. 2011ರಿಂದ ಆಚೆಗೆ, ಬನಶಂಕರಿಯಲ್ಲಿರುವ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ ಜಯನಗರದ ಈ ಸಂಸ್ಥೆಯೂ ಕೂಡಿ ಸರ್ಕಾರಿ ಪ್ರೌಢಶಾಲೆಗಳ ಉಪಾಧ್ಯಾಯರಿಗಾಗಿ ವಿಷಯ ಶಿಕ್ಷಕರ ವೇದಿಕೆಯನ್ನು ಕಟ್ಟಿದರು. ಉಪಾಧ್ಯಾಯರು 'ಜಿಯೋಜೀಬ್ರಾ' ಎಂಬ ಗಣಿತದ ತಂತ್ರಾಂಶವನ್ನು ಕಲಿತರು. ಕಪ್ಪು ಹಲಗೆಯ ಮೇಲೆ ಬರೆದ ತ್ರಿಕೋನ ಒಂದೇ ತ್ರಿಕೋನ. ಇದರಲ್ಲಿ ಬರೆದ ತ್ರಿಕೋನದ ತುದಿಯನ್ನು ಹಿಡಿದೆಳೆದರೆ ಅದು ಸಾವಿರ ಆಕಾರ ತಾಳುತ್ತದೆ, ಮೂರು ಕೋನಗಳ ಮೊತ್ತ ಮಾತ್ರ 180 ಅಂಶಗಳಿಂದ ಕದಲದು. ಸಿದ್ಧಾಂತವನ್ನು ಬಾಯಿಪಾಠ ಮಾಡಿದ್ದ ಹುಡುಗನು 'ಇದೇಕೆ ಹೀಗೆ?' ಎಂದು ಕೇಳುವುದು ಅಲ್ಲಿಯೇ. ಆ ಪ್ರಶ್ನೆಗೆ ಉತ್ತರಿಸಲು ಉಪಾಧ್ಯಾಯರು ಪಕ್ಕದಲ್ಲಿರಬೇಕು, ತುದಿಯನ್ನು ಯಾವಾಗ ಎಳೆಯಬೇಕೆಂಬುದೂ ಅವರ ವಿವೇಕಕ್ಕೆ ಬಿಟ್ಟುದಾಗಿರಬೇಕು. ಇದೇ ಉಪಾಧ್ಯಾಯರು ತಾವು ಸಿದ್ಧಪಡಿಸಿದ ಪಾಠಸಾಮಗ್ರಿಯನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ಹೆಸರಿನ ಜಾಲತಾಣದಲ್ಲಿ ಯಾರು ಬೇಕಾದರೂ ಬಳಸುವಂತೆ ಇರಿಸಿದರು. ಹಳ್ಳಿಯ ಉಪಾಧ್ಯಾಯರೊಬ್ಬರು ಬರೆದ ಕನ್ನಡದ ಪಾಠವನ್ನು ಇನ್ನೊಂದು ಜಿಲ್ಲೆಯವರು ತಿದ್ದಿ ಬಳಸುವ ಈ ಪದ್ಧತಿಗೆ ಪತ್ರಿಕೆಗಳಲ್ಲಿ ದೊರೆತ ಪ್ರಚಾರ ಅತ್ಯಲ್ಪ. ಒಂದು ಆ್ಯಪಿಗೆ ದೊರೆಯುವ ಪ್ರಚಾರದ ಶತಾಂಶವೂ ಇಲ್ಲವೆಂದರೆ ತಪ್ಪಾಗದು. ಆ ದೋಷದಲ್ಲಿ ನಮ್ಮ ಪಾಲೂ ಇದೆ.

2020ರ ಮಹಾಮಾರಿಯು ಎಲ್ಲರನ್ನೂ ಪರೀಕ್ಷಿಸಿತು. ಆ ವರ್ಷದ ಜೂನ್‌ನಲ್ಲಿ ಸರ್ಕಾರವು ಚಿಕ್ಕ ತರಗತಿಗಳಿಗೆ ಆನ್‌ಲೈನ್ ಪಾಠವನ್ನು ನಿಷೇಧಿಸಿತು. ಜುಲೈ 8ರಂದು ಉಚ್ಚ ನ್ಯಾಯಾಲಯವು ಮಕ್ಕಳ ಶಿಕ್ಷಣದ ಹಕ್ಕನ್ನು ಎತ್ತಿಹಿಡಿದು ಆ ಆಜ್ಞೆಯನ್ನು ತಡೆಹಿಡಿಯಿತು. ನಿಷೇಧ ಹೋಯಿತು, ಆದರೆ ಮೊಬೈಲು ಇಲ್ಲದ ಮನೆಗೆ ಮೊಬೈಲು ಬರಲಿಲ್ಲ. ಒಂದೇ ಫೋನಿರುವ ಮನೆಯಲ್ಲಿ ತಂದೆಯು ಅದನ್ನು ಕೆಲಸಕ್ಕೆ ಒಯ್ದರೆ ಮಗುವಿನ ಶಾಲೆಯೂ ಅವನ ಜೇಬಿನಲ್ಲಿಯೇ ಹೊರಟಿತು. ಚಂದನ ವಾಹಿನಿಯ 'ಸೇತುಬಂಧ', 'ಸಂವೇದ' ಪಾಠಗಳು ಕೆಲವರನ್ನು ಮುಟ್ಟಿದವು. 'ವಿದ್ಯಾಗಮ'ದ ಹೆಸರಿನಲ್ಲಿ ಉಪಾಧ್ಯಾಯರೇ ಗುಡಿಯ ಜಗಲಿಗೆ, ಮರದ ನೆರಳಿಗೆ ಹೋಗಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ನಷ್ಟವೆಷ್ಟೆಂಬುದನ್ನು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು 2021ರಲ್ಲಿ ಪ್ರಕಟಿಸಿತು. ಕರ್ನಾಟಕವೂ ಸೇರಿದ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿದಲ್ಲಿ, ಭಾಷೆಯಲ್ಲಿ ಹಿಂದಿನ ವರ್ಷ ಕಲಿತಿದ್ದ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡವರು ನೂರಕ್ಕೆ 92, ಗಣಿತದಲ್ಲಿ ನೂರಕ್ಕೆ 82. ಕೇರಳದವರು ಜೂನ್ 1ರಂದೇ 'ವಿಕ್ಟರ್ಸ್' ವಾಹಿನಿಯಲ್ಲಿ ಪಾಠವನ್ನಾರಂಭಿಸಿದರು, ಕಾಸರಗೋಡಿನ ನಮ್ಮ ಕನ್ನಡದ ಮಕ್ಕಳಿಗೂ ಕನ್ನಡದ ಪಾಠಗಳು ಸಿದ್ಧವಾದವು. ಹತ್ತಾರು ವರ್ಷ ಉಪಾಧ್ಯಾಯರನ್ನು ತಯಾರಿಸಿದ್ದವರಿಗೆ ಅದು ಸಾಧ್ಯವಾಯಿತು.

ಅದೇ ಕಾಲದಲ್ಲಿ ತಂದೆತಾಯಿಗಳ ಭಯವನ್ನು ಬಂಡವಾಳ ಮಾಡಿಕೊಂಡ ವ್ಯಾಪಾರವೂ ಉಬ್ಬಿತು. ಬೆಂಗಳೂರಿನಲ್ಲಿಯೇ ಹುಟ್ಟಿ, 2015ರಲ್ಲಿ ಆ್ಯಪನ್ನು ಹೊರತಂದ 'ಬೈಜೂಸ್' ಕಂಪನಿಯ ಬೆಲೆಯನ್ನು 2022ರಲ್ಲಿ ಹೂಡಿಕೆದಾರರು 2,200 ಕೋಟಿ ಡಾಲರೆಂದು ಎಣಿಸಿದ್ದರು. 2024ರ ಜುಲೈನಲ್ಲಿ ಸುಮಾರು 158 ಕೋಟಿ ರೂಪಾಯಿನ ಬಾಕಿಯ ದಾವೆಯ ಮೇಲೆ ಅದು ದಿವಾಳಿಯ ವಿಚಾರಣೆಗೆ ಒಳಗಾಯಿತು. ಕಂಪನಿಗಳು ಏಳುವುದು, ಬೀಳುವುದು ಲೋಕರೂಢಿ. ಶಾಲೆಯನ್ನು ಅವುಗಳಿಗೆ ಕಟ್ಟಿಹಾಕುವುದು ಮಾತ್ರ ನಮಗೆ ಸಮ್ಮತವಲ್ಲ.

ಒಂದು ಬಡ ಉಪಕರಣದ ವೃತ್ತಾಂತವನ್ನೂ ಇಲ್ಲಿ ಹೇಳಬೇಕು. ಮಹಾಮಾರಿಯ ಕಾಲದಲ್ಲಿ ಆಫ್ರಿಕದ ಬೋಟ್ಸ್‌ವಾನಾದಲ್ಲಿ ಕೆಲವು ಮನೆಗಳಿಗೆ ಬರಿಯ ಸಂದೇಶದ ಮೂಲಕ ಲೆಕ್ಕಗಳನ್ನು ಕಳುಹಿಸಿದರು, ಮತ್ತೆ ಕೆಲವು ಮನೆಗಳಿಗೆ ಅದರ ಜೊತೆಗೆ ವಾರಕ್ಕೊಮ್ಮೆ ಫೋನ್ ಮಾಡಿ ಲೆಕ್ಕ ಹೇಳಿಕೊಟ್ಟರು. ಸಂದೇಶ ಮಾತ್ರ ಹೋದಲ್ಲಿ ಫಲ ಕಂಡುದು ಅಲ್ಪ, ಮಾತನಾಡಿದಲ್ಲಿ ಮಕ್ಕಳು ಸ್ಪಷ್ಟವಾಗಿ ಮುಂದುವರಿದರು. ಅದೇ ಮಾದರಿಯು ಈಗ ನಮ್ಮಲ್ಲಿ 'ಗಣಿತ ಗಣಕ'ವೆಂಬ ಹೆಸರಿನಲ್ಲಿ ಬಂದಿದ್ದು, ಸರ್ಕಾರಿ ಶಾಲೆಯ ಉಪಾಧ್ಯಾಯರು ಪೋಷಕರ ಫೋನಿಗೆ ಕರೆಮಾಡಿ ಮಗುವಿನೊಡನೆ ಕೂಡುವ, ಕಳೆಯುವ ಲೆಕ್ಕಗಳನ್ನು ಮಾಡಿಸುತ್ತಾರೆ. ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ, ಉಪಾಧ್ಯಾಯರ ಬಿಡುವು ಬೇಕು. ಆ ಬಿಡುವನ್ನೇ ಸಮೀಕ್ಷೆ, ಅಂಕಿಅಂಶ, ಚುನಾವಣೆಯ ಪಟ್ಟಿಗಳಿಗೆ ತೆತ್ತು, ಖಾಲಿಯಿರುವ ಹುದ್ದೆಗಳನ್ನು ತುಂಬದೆ ಎಳೆಯುತ್ತಿರುವವರು ಯಾರೆಂಬುದನ್ನು ನಾವು ಹೇಳಬೇಕಾಗಿಲ್ಲ.

ಯುನೆಸ್ಕೋದವರು 2023ರ ತಮ್ಮ ಜಾಗತಿಕ ವರದಿಯಲ್ಲಿ, ಶಿಕ್ಷಣದ ಯಂತ್ರಗಳ ಪ್ರಯೋಜನಕ್ಕೆ ನಿಷ್ಪಕ್ಷಪಾತವಾದ ಪುರಾವೆ ವಿರಳವೆಂದು ಬರೆದಿದ್ದಾರೆ. ಹೀಗಿರುವಾಗ, ಮುಂದಿನ ಖರೀದಿಯ ಕಡತಕ್ಕೆ ರುಜು ಹಾಕತಕ್ಕ ಅಧಿಕಾರಿಗಳನ್ನು ನಾವು ಕೇಳಿಕೊಳ್ಳುವುದಿಷ್ಟೆ: ಯಂತ್ರದ ಬೆಲೆಯ ಪಕ್ಕದಲ್ಲಿಯೇ ಉಪಾಧ್ಯಾಯರ ತರಬೇತಿಗೆ ಎಷ್ಟು, ದುರಸ್ತಿಗೆ ಎಷ್ಟು ಎಂಬ ಎರಡು ಮೊತ್ತಗಳನ್ನು ಬರೆಯಿಸಿರಿ. ಪಾಠ ಕನ್ನಡದಲ್ಲಿದೆಯೇ, ಅದನ್ನು ಉಪಾಧ್ಯಾಯರು ತಿದ್ದಬಹುದೇ, ಮಕ್ಕಳ ವಿವರಗಳು ಯಾರ ಬಳಿ ಉಳಿಯುತ್ತವೆ ಎಂಬುದಕ್ಕೆ ಕಂಪನಿಯವರಿಂದ ಲಿಖಿತವಾದ ಉತ್ತರ ಪಡೆಯಿರಿ. ಉತ್ತರ ಬಾರದ ಕಡತವನ್ನು ಬನಶಂಕರಿಗೆ ಹಿಂದಕ್ಕೆ ಕಳುಹಿಸಿ, ಅಲ್ಲಿ ತರಬೇತಿಗೆ ಬಂದಿರುವ ಉಪಾಧ್ಯಾಯರ ಮುಂದೆ ಇರಿಸಿ ಅವರ ಅಭಿಪ್ರಾಯವನ್ನು ಕೇಳಿರಿ.