ನಾಚಿಕಿ ಯಾರಿಗೆ ಬರಬೇಕು? (ಭಾಗ 4)

1/6
ಹಾನಗಲ್, ಜನವರಿ 2024. ಲಾಡ್ಜ್ ರೂಮಿಗೆ ನುಗ್ಗಿದ ಗುಂಪೊಂದು ಒಳಗಿದ್ದ ಇಬ್ಬರನ್ನು ಹೊಡೆದು, ಅದನ್ನ ತಾವೇ ವಿಡಿಯೊ ಮಾಡಿತು. ವಿಡಿಯೊ ಫೋನಿಂದ ಫೋನಿಗೆ ಓಡಿತು. ಇಂಥದ್ದು ನೋಡಿದಾಗೆಲ್ಲ ನಮ್ಮ ಮಂದಿ ಕೇಳೋ ಮೊದಲ ಪ್ರಶ್ನೆ: "ಆಕಿ ಅಲ್ಲಿಗೆ ಯಾಕ ಹೋಗಿದ್ಲು?" ಕ್ಯಾಮೆರಾ ಹಿಡಿದವ ಯಾಕ ಒಳಗ ಹೋದ ಅಂತ ಯಾರೂ ಕೇಳಂಗಿಲ್ಲ.

2/6
ಮೊದಲು ದಾಖಲಾಗಿದ್ದು ಹಲ್ಲೆ ಕೇಸ್. ಆ ಹೆಣ್ಣುಮಗಳು ಮ್ಯಾಜಿಸ್ಟ್ರೇಟ್ ಮುಂದೆ ಹೇಳಿಕೆ ಕೊಟ್ಟ ಮೇಲೆ ಸಾಮೂಹಿಕ ಅತ್ಯಾಚಾರದ ಆರೋಪ ಸೇರಿತು. 2025ರ ಮೇನಲ್ಲಿ ಜಾಮೀನು ಪಡೆದ ಆರೋಪಿಗಳು ಅಕ್ಕಿಆಲೂರಿನಲ್ಲಿ ಮೆರವಣಿಗೆ ಮಾಡಿದರು. ನೆನಪಿಡ್ರಿ: ಜಾಮೀನು ಅಂದ್ರ ಖುಲಾಸೆ ಅಲ್ಲ.

3/6
ಗುಂಪೇ ಬೇಕಂತಿಲ್ಲ. ಬಾತ್‌ರೂಮಿನ ಕಿಟಕಿಗೆ ಫೋನ್ ಹಿಡಿದವ, ಜೋಡಿಯಾಗಿದ್ದಾಗ ಕದ್ದು ತೆಗೆದ ಹುಡುಗ, ಇಬ್ಬರೂ ಅಪರಾಧಿಗಳೇ. ಭಾರತೀಯ ನ್ಯಾಯ ಸಂಹಿತೆಯ ಕಲಂ 77: ಮೊದಲ ಸಲ 1ರಿಂದ 3 ವರ್ಷ ಜೈಲು, ಎರಡನೇ ಸಲ 3ರಿಂದ 7.
"ಆಕೀನ ತೆಗಿ ಅಂದಿದ್ಲು" ಅಂತೀರಾ? ತೆಗೆಯೋಕೆ ಒಪ್ಪಿದ್ರೂ ಹಂಚೋಕೆ ಒಪ್ಪಿಲ್ಲ ಅಂದ್ರ ಹಂಚೋದು ಅಪರಾಧ. ಅದೂ ಇದೇ ಕಲಮಿನಲ್ಲಿದೆ.
ಹುಡುಗರ ಫೋಟೊ ಆದ್ರ? ಐಟಿ ಕಾಯ್ದೆಯ 66ಇ ಎಲ್ಲರಿಗೂ ಒಂದೇ. 18 ತುಂಬದವರದಾದ್ರ ಪೋಕ್ಸೊ. ಅಲ್ಲಿ ಒಪ್ಪಿಗೆಯ ಮಾತೇ ನಡೆಯಂಗಿಲ್ಲ.

4/6
ಈಗ ಕ್ಲಾಸ್ ಗ್ರೂಪಿನ ಅಣ್ಣಂದಿರಿಗೆ. "ನಾ ತೆಗೆದಿಲ್ಲ, ಬರೇ ಫಾರ್ವರ್ಡ್ ಮಾಡೀನಿ" ಅನ್ನಬ್ಯಾಡ್ರಿ. ಹಂಚಿದವನೂ ಆರೋಪಿನೇ. ನಿಮ್ಮ ಫಾರ್ವರ್ಡ್ ಇಲ್ಲದಿದ್ರ ಆ ವಿಡಿಯೊಗೆ ಕಾಲೇ ಇಲ್ಲ.

5/6
ನಿಮಗಾದ್ರ ಏನ್ ಮಾಡೋದು?
▪️ ಚಾಟ್ ಡಿಲೀಟ್ ಮಾಡಬ್ಯಾಡ್ರಿ. ಸ್ಕ್ರೀನ್‌ಶಾಟ್, ಲಿಂಕ್, ಐಡಿ, ದಿನಾಂಕ ಇಟ್ಕೊಳ್ರಿ.
▪️ ಬೆದರಿಸಿದವರಿಗೆ ರೊಕ್ಕ ಕೊಡಬ್ಯಾಡ್ರಿ. ಒಮ್ಮೆ ಕೊಟ್ರ ಮತ್ತ ಕೇಳ್ತಾರ.
▪️ ಫೋಟೊ ತೆಗೆದದ್ದು ಹುಬ್ಬಳ್ಳಿ ಪಿಜಿಯೊಳಗ ಆದ್ರೂ ಸವಣೂರು, ಶಿಗ್ಗಾಂವಿ, ಹಿರೇಕೆರೂರು ಯಾವ ಠಾಣೆಯಲ್ಲಾದ್ರೂ ಜೀರೊ ಎಫ್‌ಐಆರ್ ಕೊಡಬಹುದು. ಹೆಣ್ಣುಮಕ್ಕಳ ದೂರನ್ನ ಮಹಿಳಾ ಅಧಿಕಾರಿಯೇ ಬರ್ಕೋಬೇಕು.
▪️ ತಗೊಳ್ಳಲ್ಲ ಅಂದ್ರ ಎಸ್‌ಪಿಗೆ ಲಿಖಿತ ದೂರು. ಅಲ್ಲೂ ಆಗಲಿಲ್ಲ ಅಂದ್ರ ಮ್ಯಾಜಿಸ್ಟ್ರೇಟ್.
▪️ ಠಾಣೆಗೆ ಹೋಗೋಕೆ ಆಗಲ್ವಾ? ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ವರದಿ ಮಾಡಬಹುದು. ಸಹಾಯವಾಣಿ 1930, ಮಹಿಳೆಯರಿಗೆ 181.
▪️ ಆ್ಯಪ್‌ಗೂ ರಿಪೋರ್ಟ್ ಮಾಡ್ರಿ. 2021ರ ಐಟಿ ನಿಯಮಗಳು ಇಂಥದ್ದನ್ನ ತೆಗೆಯೋಕೆ ಕಂಪನಿಗಳಿಗೆ ಮೊದಲು ಕೊಟ್ಟಿದ್ದು 24 ಗಂಟೆಯ ಗಡುವು; 2026ರ ತಿದ್ದುಪಡಿ ಅದನ್ನ 2 ಗಂಟೆಗೆ ಇಳಿಸಿತು.

6/6
ಕಾನೂನಿದೆ. ಆದ್ರ "ಮನಿ ಮರ್ಯಾದಿ ಹೋಗ್ತದ, ಸುಮ್ನಿರು" ಅನ್ನೋ ಅವ್ವ, ಅಪ್ಪ, ಅಣ್ಣ ಇದ್ರ ಕಾನೂನು ಠಾಣೆ ಬಾಗಿಲಲ್ಲೇ ನಿಲ್ತದ. ಬೆದರಿಸೋರು ನಂಬಿರೋದೇ ಆ ಒಂದು ಮಾತನ್ನ. ಮರ್ಯಾದಿ ಕಳಕೊಂಡವ ಕದ್ದು ಫೋಟೊ ತೆಗೆದವ. ತಲಿ ತಗ್ಗಿಸಬೇಕಾದವನೂ ಅವನೇ.

ಸೇವ್ ಮಾಡ್ರಿ. ಬೇಕಾದ ಗೆಳತಿಗೆ ಕಳಿಸ್ರಿ. ಫಾರ್ವರ್ಡ್ ಮಾಡೋದಿದ್ರ ಇದನ್ನ ಮಾಡ್ರಿ.

#ಹಾವೇರಿ #ಹಾನಗಲ್ #ಒಪ್ಪಿಗೆ_ಇಲ್ಲದ_ಫೋಟೊ_ಅಪರಾಧ